ಒಂದೇ ಸಿನಿಮಾಕ್ಕೆ ಎರಡು ಕೊನೆ

ಟೊಲೀಡೊ ಊರಿನ ಅರ್ಕೇಡಿಯ ಚಿತ್ರಮಂದಿರದಲ್ಲಿ ಲೆಮುಯೆಲ್ ಗೇದರ್ ಹದಿನಾಲ್ಕು ವರ್ಷ ಪ್ರೊಜೆಕ್ಟರ್ ಓಡಿಸಿದ. ಎಲ್ಲರೂ ಅವನನ್ನು ಲೆಮ್ ಎನ್ನುತ್ತಿದ್ದರು. ಆರಡಿ ಎತ್ತರದ, ಮಾತು ಕಡಿಮೆಯ ಕಪ್ಪು ಮನುಷ್ಯ. ಏಳು ವರ್ಷದವನಿದ್ದಾಗ ಅಲಬಾಮದಿಂದ ಅಕ್ಕನ ಕೈಹಿಡಿದು ರೈಲು ಹತ್ತಿ, ಇಲ್ಲಿದ್ದ ಚಿಕ್ಕಮ್ಮನ ಮನೆ ಸೇರಿದವನು. ಸಿನಿಮಾ ಹೇಗಿದೆ ಎಂದು ಯಾರಾದರೂ ಕೇಳಿದರೆ, "ಪ್ರಿಂಟ್ ಚೆನ್ನಾಗಿದೆ" ಅನ್ನುತ್ತಿದ್ದ, ಇಲ್ಲವೇ "ಮೂರನೇ ರೀಲಲ್ಲಿ ಗೀರು ಬಿದ್ದಿದೆ" ಅನ್ನುತ್ತಿದ್ದ. ಕಥೆಯ ಸುದ್ದಿ ಎತ್ತುತ್ತಿರಲಿಲ್ಲ. ಕಥೆ ನೋಡಲು ಅವನಿಗೆ ಪುರುಸೊತ್ತೂ ಇರಲಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಪರದೆಯ ಬಲ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಮಾಯವಾಗುತ್ತದೆ. ರೀಲು ಮುಗಿಯುತ್ತ ಬಂತೆಂಬ ಗುರುತು ಅದು. ಕಂಡ ಕೂಡಲೇ ಒಂದು ಯಂತ್ರ ನಿಲ್ಲಿಸಿ ಪಕ್ಕದ್ದನ್ನು ಹೊರಡಿಸಬೇಕು. ಕೆಳಗೆ ಸಾವಿರ ಜನ ನಾಯಕನ ಮುಖ ನೋಡುತ್ತಿದ್ದರೆ ಲೆಮ್ ನೋಡುತ್ತಿದ್ದುದು ಆ ಮೂಲೆಯನ್ನು.

ಅವನ ಹೆಂಡತಿ ಸ್ತಾಶಾ ಪೋಲಿಷ್ ಮನೆತನದ ಬಿಳಿಯಳು. ಲಗ್ರಾಂಜ್ ಬೀದಿಯ ಸಣ್ಣ ಟಾಕೀಸೊಂದರಲ್ಲಿ ಅವಳು ಟಿಕೆಟ್ ಕೊಡುತ್ತಿದ್ದಳು, ಇವನು ಅಲ್ಲೇ ಕಸ ಗುಡಿಸುತ್ತ ಆಪರೇಟರ್ ಕೆಲಸ ಕಲಿಯುತ್ತಿದ್ದ. 1957ರಲ್ಲಿ ಕೋರ್ಟು ಕಟ್ಟಡದಲ್ಲಿ ರಿಜಿಸ್ಟರಿಗೆ ಸಹಿ ಹಾಕಿ ಮದುವೆಯಾದರು. ಸಾಕ್ಷಿಗೆ ಬಂದವಳು ಲೆಮ್‌ನ ಅಕ್ಕ ವರ್ಡೆಲ್ ಒಬ್ಬಳೇ. ಸ್ತಾಶಾಳ ಅಪ್ಪ ಅಂದಿನಿಂದ ಮಗಳ ಹೆಸರೆತ್ತಲಿಲ್ಲ, ಹಾಗೆಯೇ ತೀರಿಕೊಂಡ. ಅಮ್ಮ ಮಾತ್ರ ತಿಂಗಳಿಗೊಂದು ಗುರುವಾರ ಬಸ್ಸು ಹಿಡಿದು ಬರುತ್ತಿದ್ದಳು, ಲೆಮ್ ಮ್ಯಾಟಿನಿಗೆ ಹೊರಟ ಮೇಲೆ. ಅವನು ಬರುವುದರೊಳಗೆ ಹೊರಟುಬಿಡುತ್ತಿದ್ದಳು. ಹದಿನಾರು ವರ್ಷದಲ್ಲಿ ಅತ್ತೆಯ ಮುಖವನ್ನು ಲೆಮ್ ನೋಡಿದ್ದು ಎರಡೇ ಸಲ, ಅದರಲ್ಲಿ ಒಂದು ಸಲ ಬಸ್ಸಿನ ಕಿಟಕಿಯಲ್ಲಿ. ಅವನ ಕಡೆಯೂ ಸಲೀಸಾಗಿರಲಿಲ್ಲ. 1959ರಲ್ಲಿ ಅವನ ತಾಯಿ ಅಲಬಾಮದಲ್ಲಿ ಸತ್ತಾಗ ಒಬ್ಬನೇ ಹೋಗಿ ಮಣ್ಣು ಮಾಡಿ ಬಂದ. ಆ ರಾಜ್ಯದ ಕಾನೂನಿನಲ್ಲಿ ಅವರ ಮದುವೆಯೇ ಅಪರಾಧವಾಗಿತ್ತು. ಹೆಂಡತಿಯನ್ನು ಕರೆದುಕೊಂಡು ಹೋದರೆ ಶವದ ಮುಂದೆಯೇ ಕೈಗೆ ಕೋಳ ಬೀಳಬಹುದಿತ್ತು. ಮರುವರ್ಷ ನಡೀನ್ ಹುಟ್ಟಿದಳು, ಒಬ್ಬಳೇ ಮಗಳು.

1973ರ ಅಕ್ಟೋಬರಿನಲ್ಲಿ ಅರ್ಕೇಡಿಯಕ್ಕೆ ಕ್ಯಾಲಿಫೋರ್ನಿಯದಿಂದ ಒಂದು ಸಿನಿಮಾ ಬಂತು. ಇನ್ನೂ ಬಿಡುಗಡೆಯಾಗದ ಸಿನಿಮಾ. ಡಬ್ಬಿಯ ಮೇಲೆ ಹೆಸರಿರಲಿಲ್ಲ, ಒಂದು ನಂಬರ್ ಮಾತ್ರ. ಜೊತೆಗೆ ಸ್ಟುಡಿಯೋದ ಫೆನ್‌ವಿಕ್ ಎಂಬ ತರುಣ ಬಂದಿದ್ದ. ಕಂದು ಬೂಟು, ಉದ್ದ ಕೂದಲು, ಕೈಯಲ್ಲಿ ಒಂದು ಪೆಟ್ಟಿಗೆ ತುಂಬ, ನೋಡಿದವರು ಅಭಿಪ್ರಾಯ ಬರೆಯಲೆಂದು ಅಚ್ಚು ಹಾಕಿಸಿದ ಕಾರ್ಡುಗಳು. ಮ್ಯಾನೇಜರ್ ಆಸ್ಟ್ರಾಂಡರ್ ಅವನನ್ನು ಪ್ರೊಜೆಕ್ಟರ್ ರೂಮಿಗೆ ಕರೆತಂದ.

"ಲೆಮ್, ಇವರು ಹೇಳೋದು ಸರಿಯಾಗಿ ಕೇಳಿಸ್ಕೊ. ಒಂದೇ ಸಿನಿಮಾ, ಎರಡು ಕೊನೆ. ಶನಿವಾರ ಮಧ್ಯಾಹ್ನ ಒಂದು, ಭಾನುವಾರ ಮಧ್ಯಾಹ್ನ ಇನ್ನೊಂದು. ಜನ ಯಾವುದನ್ನ ಮೆಚ್ಕೋತಾರೋ ಅದನ್ನೇ ಊರೂರಿಗೆ ಕಳಿಸ್ತಾರಂತೆ."

"ಕೊನೇ ರೀಲು ಮಾತ್ರ ಬೇರೆನಾ?" ಲೆಮ್ ಕೇಳಿದ.

"ಕೊನೇ ರೀಲು ಮಾತ್ರ," ಫೆನ್‌ವಿಕ್ ಹೇಳಿದ. "ದಯವಿಟ್ಟು ಅದಲು ಬದಲು ಮಾಡ್ಬೇಡಿ. ನನ್ನ ಕೆಲಸ ಹೋಗತ್ತೆ."

ಕೆಲಸದವರಿಗೆಲ್ಲ ಮೂರು ಮೂರು ಪಾಸು ಸಿಕ್ಕವು. ಲೆಮ್ ಅವನ್ನು ಸ್ತಾಶಾಳ ಕೈಗಿಟ್ಟ. ಕಥೆ ಏನೆಂದು ಅವನಿಗೂ ಗೊತ್ತಿರಲಿಲ್ಲ.

ಶನಿವಾರ ಹಾಲ್ ತುಂಬಿತ್ತು. ಸ್ತಾಶಾ, ನಡೀನ್, ವರ್ಡೆಲ್ ಮೂವರೂ ಬಂದಿದ್ದರು. ಎರಡನೇ ರೀಲು ಅರ್ಧಕ್ಕೆ ಬಂದಿರಬೇಕು, ಲೆಮ್ ಹಿಂದಿನ ರೀಲನ್ನು ವಾಪಸು ಸುತ್ತುತ್ತಿದ್ದ. ಇದ್ದಕ್ಕಿದ್ದಂತೆ ಹಾಲಿನ ಸದ್ದಡಗಿತು. ಕಾಗದದ ಚೀಲದ ಸರಪರವಿಲ್ಲ, ಕೆಮ್ಮಿಲ್ಲ. ಪ್ರಿಂಟ್ ಹರಿಯಿತೋ ಏನೋ ಎಂದು ಹೆದರಿ ಅವನು ಗೋಡೆಯ ಕಿಂಡಿಯಿಂದ ಇಣುಕಿದ. ಪರದೆಯ ಮೇಲೆ ಒಂದು ಬಿಳಿ ಹುಡುಗಿ ಕಪ್ಪು ಗಂಡಸಿನ ಕೈಮೇಲೆ ಕೈಯಿಟ್ಟಿದ್ದಳು. ಅಷ್ಟೇ. ಲೆಮ್ ಕಿಂಡಿ ಬಿಟ್ಟು ಕದಲಲಿಲ್ಲ. ಈ ಕೆಲಸ ಕಲಿತ ಮೇಲೆ ಮೊದಲ ಬಾರಿಗೆ ಮೂಲೆ ಬಿಟ್ಟು ನಡುವೆ ನೋಡಿದ.

ನಾಯಕ ಡಾಕ್ಟರು. ಇಸ್ತ್ರಿ ಮಾಡಿದ ಅಂಗಿ, ಮೃದು ಮಾತು. ಹುಡುಗಿ ಪೀಠೋಪಕರಣ ಕಾರ್ಖಾನೆಯ ಮಾಲೀಕನ ಮಗಳು. ಅಪ್ಪನಿಗೆ ಈ ಸಂಬಂಧ ಸುತರಾಂ ಇಷ್ಟವಿಲ್ಲ. ಅಪ್ಪ ಏನೆಂದು ಬೈದರೂ ಡಾಕ್ಟರು ತಲೆತಗ್ಗಿಸಿ "ನಿಮ್ಮ ನೋವು ನನಗೆ ಅರ್ಥವಾಗುತ್ತದೆ" ಅನ್ನುತ್ತಾನೆ. ಒಂದು ಸಂಜೆ ಇಬ್ಬರೂ ನದಿಯ ಹತ್ತಿರ ನಿಲ್ಲುತ್ತಾರೆ, ಮುಖಗಳು ಹತ್ತಿರ ಬರುತ್ತವೆ, ಅಷ್ಟರಲ್ಲಿ ಕ್ಯಾಮೆರಾ ಮೇಪಲ್ ಮರದ ಎಲೆಗಳ ಮೇಲೆ ಹೋಗಿ ಕೂತುಬಿಡುತ್ತದೆ. ಕೊನೆಯಲ್ಲಿ ಕಾರ್ಖಾನೆಗೆ ಬೆಂಕಿ. ಡಾಕ್ಟರು ಒಳಗೆ ನುಗ್ಗಿ ಹುಡುಗಿಯ ಅಪ್ಪನನ್ನು ಹೊತ್ತು ತಂದು ಅಂಗಳದಲ್ಲಿ ಮಲಗಿಸಿ ತಾನೂ ಮಲಗುತ್ತಾನೆ, ಏಳುವುದಿಲ್ಲ. ಗೋರಿಯ ಮುಂದೆ ಅಪ್ಪ ಮೊಣಕಾಲೂರಿ "ಮಗನೇ" ಅನ್ನುತ್ತಾನೆ.

ಹಾಲಿನ ತುಂಬ ಮೂಗು ಸೀಟುವ ಸದ್ದು. ಆಮೇಲೆ ಚಪ್ಪಾಳೆ. ಲೆಮ್ ಪ್ರೊಜೆಕ್ಟರಿನ ದೀಪ ಆರಿಸಿ ಕೆಳಗಿಳಿದು ಬಂದಾಗ ಬಾಗಿಲ ಬಳಿ ಒಬ್ಬ ವಯಸ್ಸಾದ ಬಿಳಿಯ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕಣ್ಣು ಕೆಂಪಾಗಿತ್ತು.

"ಕ್ಷಮಿಸಪ್ಪ," ಅಂದ.

"ಯಾತಕ್ಕೆ ಸಾರ್?"

ಅವನು ತಲೆಯಾಡಿಸಿ, ಟೋಪಿ ಹಾಕಿಕೊಂಡು ಹೋಗಿಬಿಟ್ಟ. ತಾನೇ ಸತ್ತುಹೋಗಿ, ಇವನು ತನ್ನ ಸಾವಿಗೆ ಬಂದಂತೆ ಅನ್ನಿಸಿ ಲೆಮ್ ಒಂದು ಗಳಿಗೆ ಅಲ್ಲೇ ನಿಂತ.

ಆ ಸಂಜೆ ವರ್ಡೆಲ್ ಅವರ ಮನೆಯಲ್ಲೇ ಊಟಕ್ಕೆ ಉಳಿದಳು. ಸ್ತಾಶಾ ಮಾಂಸದುಂಡೆಗಳನ್ನು ಕೋಸಿನೆಲೆಯಲ್ಲಿ ಸುತ್ತಿ ಬೇಯಿಸಿದ್ದಳು, ವರ್ಡೆಲ್ ಜೋಳದ ರೊಟ್ಟಿ ತಂದಿದ್ದಳು.

"ಆ ಹುಡುಗ ಸಾಯೋಕೇ ಹುಟ್ಟಿದ್ದ ಅಂತ ನಂಗೆ ಶುರುವಲ್ಲೇ ಗೊತ್ತಾಯ್ತು," ವರ್ಡೆಲ್ ಅಂದಳು.

"ಅದು ಹೆಂಗಕ್ಕ?"

"ಒಂದ್ಸಲ ಕೆಮ್ಮಲಿಲ್ಲ, ಬೆವರಲಿಲ್ಲ, ಯಾರ ಮೇಲೂ ರೇಗಲಿಲ್ಲ. ಅಂಥೋರು ಬದುಕೋಕೆ ಬಂದಿರಲ್ಲ ಕಣೋ. ಅಲ್ಲ, ಅಷ್ಟು ದೊಡ್ಡ ಡಾಕ್ಟರಿಗೆ ಕಪ್ಪು ಹುಡುಗಿ ಒಬ್ಬಳೂ ಸಿಗಲಿಲ್ವ? ಅವನಿಗೊಬ್ಬ ಅಮ್ಮ, ಅಕ್ಕ, ಚರ್ಚು ಏನೂ ಇಲ್ವಲ್ಲ. ಆಕಾಶದಿಂದ ಉದುರಿದನಾ?" ಆಮೇಲೆ ನಾದಿನಿಯ ಕಡೆ ತಿರುಗಿ, "ನಿನ್ನ ಅಂದಿದ್ದಲ್ಲ ಕಣೆ," ಅಂದಳು.

"ಗೊತ್ತು ಅತ್ತಿಗೆ," ಅಂದಳು ಸ್ತಾಶಾ. "ಇನ್ನೊಂದು ರೊಟ್ಟಿ ಕೊಡಿ ಈ ಕಡೆ."

ನಡೀನಳಿಗೆ ಹದಿಮೂರು ವರ್ಷ. ಅವಳು ರೊಟ್ಟಿ ಮುರಿಯುತ್ತ ಕೇಳಿಸಿಕೊಂಡಳು. ಸ್ತಾಶಾಳ ಕಣ್ಣು ಅತ್ತು ಊದಿಕೊಂಡಿತ್ತು. ಲೆಮ್ ಅದನ್ನು ನೋಡಿದ, ಕೇಳಲಿಲ್ಲ.

ಭಾನುವಾರ ವರ್ಡೆಲ್ ಚರ್ಚಿನಿಂದ ನೇರ ಮನೆಗೆ ಹೋದಳು. ನಡೀನ್ ತಲೆನೋವು ಎಂದಳು. ಸ್ತಾಶಾ ಒಬ್ಬಳೇ ಬಂದು ಹಿಂದಿನ ಸಾಲಿನಲ್ಲಿ ಕೂತಳು. ಈ ಸಲ ಬೆಂಕಿಯಿಂದ ಡಾಕ್ಟರು ಬದುಕಿ ಬಂದ, ಒಂದು ಕೈಗೆ ಮಾತ್ರ ಬ್ಯಾಂಡೇಜು. ಮಾಲೀಕ ಅವನ ಇನ್ನೊಂದು ಕೈ ಹಿಡಿದುಕೊಂಡ. ನಂತರ ಒಂದು ದೊಡ್ಡ ಮೇಜು, ಬಿಳಿ ಹಾಸು, ಹುರಿದ ಕೋಳಿ. ಹುಡುಗಿಯ ತಾಯಿ ತಟ್ಟೆಯನ್ನು ಡಾಕ್ಟರನ ಕಡೆ ಸರಿಸಿ "ಇನ್ನೂ ಸ್ವಲ್ಪ ಹಾಕಿಕೋ ಮಗು" ಎಂದಳು. ಎಲ್ಲರೂ ನಕ್ಕರು. ಮುಗಿಯಿತು.

ಹಾಲಿನಲ್ಲಿ ಚಪ್ಪಾಳೆ ಬೀಳಲಿಲ್ಲ. ತಟ್ಟೆ ಸರಿಸುವಾಗ ಎಲ್ಲೋ ಒಬ್ಬ ಗಟ್ಟಿಯಾಗಿ ನಕ್ಕ, ಅವನೊಂದಿಗೆ ಇನ್ನಿಬ್ಬರು ನಕ್ಕರು. ಜನ ಕೋಟು ಹಾಕಿಕೊಳ್ಳುತ್ತ, ಒಬ್ಬರ ಮುಖ ಒಬ್ಬರು ನೋಡದೆ ಹೊರಗೆ ಹೋದರು. ಇವತ್ತು ಬಾಗಿಲಲ್ಲಿ ಲೆಮ್‌ನ ಕೈಯನ್ನು ಯಾರೂ ಹಿಡಿಯಲಿಲ್ಲ. ನಿನ್ನೆ ಸತ್ತವನಿಗೆ ಅಷ್ಟು ಅತ್ತ ಜನ ಇವತ್ತು ಬದುಕಿದವನನ್ನು ಕಂಡರೆ ಯಾಕೆ ಮುಖ ತಿರುಗಿಸುತ್ತಾರೆ? ನಿನ್ನೆಯವರು ಬೇರೆ, ಇವತ್ತಿನವರು ಬೇರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ರೀಲಿನ ಡಬ್ಬಿಗಳನ್ನು ಹೊತ್ತು ಮ್ಯಾನೇಜರ ಕೋಣೆಗೆ ಹೋದ.

ಅಲ್ಲಿ ಫೆನ್‌ವಿಕ್ ನೆಲದ ಮೇಲೆ ಕಾಲುಚಾಚಿ ಕೂತು ಕಾರ್ಡುಗಳನ್ನು ಗುಡ್ಡೆ ಮಾಡುತ್ತಿದ್ದ. ಆಸ್ಟ್ರಾಂಡರ್ ಕುರ್ಚಿಯಲ್ಲಿ ಕೂತು ಸಿಗಾರ್ ಎಳೆಯುತ್ತಿದ್ದ.

"ನೀವು ಎರಡೂ ನೋಡಿದ್ರಿ," ಫೆನ್‌ವಿಕ್ ತಲೆಯೆತ್ತಿ ಅಂದ. "ನಿಮಗೆ ಯಾವುದು ಸರಿ ಅನ್ನಿಸ್ತು?"

"ಇವತ್ತಿನ ಪ್ರಿಂಟಲ್ಲಿ ಬಣ್ಣ ಸ್ವಲ್ಪ ಹಳದಿಗೆ ತಿರುಗಿದೆ."

ಆಸ್ಟ್ರಾಂಡರ್ ನಕ್ಕ. "ಅವನನ್ನ ಕೇಳಿದ್ರೆ ಅದೇ ಹೇಳೋದು. ಆದ್ರೆ ಈ ಊರಲ್ಲಿ ಕೇಳಬೇಕಾದೋನು ಅವನೇ. ಅವನ ಹೆಂಡತಿ ಬಿಳಿಯವಳು."

ಫೆನ್‌ವಿಕ್ ಎದ್ದು ನಿಂತ. "ಹೌದಾ? ಮತ್ತೆ ಯಾಕೆ ಹೇಳಲಿಲ್ಲ ನೀವು? ಈ ಕಥೆ ನಿಮ್ದೇ ಅಲ್ವಾ. ಹೇಳಿ, ಯಾವುದು ನಿಜ?"

ಲೆಮ್ ಡಬ್ಬಿಗಳನ್ನು ಕೆಳಗಿಟ್ಟ. "ನಮ್ಮನೇಲಿ ಯಾವತ್ತೂ ಬೆಂಕಿ ಬಿದ್ದಿಲ್ಲ," ಅಂದ. ಆಮೇಲೆ, "ನಾನು ಡಾಕ್ಟರೂ ಅಲ್ಲ."

"ಅಲ್ಲ, ಭಾವನೆ ಹೇಳ್ತಿದ್ದೀನಿ. ನೋಡಿ, ಶನಿವಾರದ್ದೇ ಗೆದ್ದಿದೆ. ಒಂದಕ್ಕೆ ಮೂರರಷ್ಟು. ನಂಗೆ ಭಾನುವಾರದ್ದು ಇಷ್ಟ, ಆದ್ರೆ ಜನ ಒಪ್ತಿಲ್ಲ. ಕಪ್ಪು ಜನ ಬರೆದದ್ದೂ ಹಾಗೇ ಇದೆ ಅನ್ನಿಸತ್ತೆ, ಹೆಸರು ಹಾಕಿಲ್ಲ. ಇಲ್ನೋಡಿ, ಎರಡೂ ದಿನ ನೋಡಿದವರೊಬ್ಬರು ಬರೆದಿದ್ದಾರೆ." ಒಂದು ಕಾರ್ಡ್ ಎತ್ತಿ ಓದಿದ. "'ನಿನ್ನೆಯದೇ ವಾಸಿ. ಇವತ್ತಿನದು ನೋಡೋಕಾಗಲ್ಲ.' ಅಷ್ಟೇ."

ಕಾರ್ಡನ್ನು ಲೆಮ್‌ನ ಕೈಗೆ ಕೊಟ್ಟ. ವಯಸ್ಸು ಎಂಬಲ್ಲಿ 37 ಎಂದಿತ್ತು. ಏಳರ ಸೊಂಟಕ್ಕೆ ಅಡ್ಡಗೆರೆ. ಲಗ್ರಾಂಜ್ ಬೀದಿಯ ಪೋಲಿಷ್ ಶಾಲೆಯಲ್ಲಿ ಏಳನ್ನು ಹಾಗೇ ಬರೆಯಿಸುತ್ತಿದ್ದರು. ಹದಿನಾರು ವರ್ಷದಿಂದ ಅವನ ಮನೆಯ ಕ್ಯಾಲೆಂಡರಿನಲ್ಲಿ, ಸಾಮಾನಿನ ಚೀಟಿಯಲ್ಲಿ ಅದೇ ಏಳು. ಲೆಮ್ ಕಾರ್ಡನ್ನು ವಾಪಸು ಕೊಟ್ಟ. ಹೊರಡುವಾಗ ಫೆನ್‌ವಿಕ್ ಒಂದು ಖಾಲಿ ಕಾರ್ಡನ್ನು ಅವನ ಜೇಬಿಗೆ ತುರುಕಿ, "ಯಾವಾಗಾದ್ರೂ ಏನಾದ್ರೂ ಅನ್ನಿಸಿದ್ರೆ ಬರೆದು ಹಾಕಿ, ವಿಳಾಸ ಹಿಂದೆ ಇದೆ," ಅಂದ.

ನಾಲ್ಕು ದಿನ ಲೆಮ್ ಹೆಂಡತಿಯೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಸಿಟ್ಟೇನೂ ಇರಲಿಲ್ಲ, ಸಿಟ್ಟಾಗಿದ್ದರೆ ಹೇಗೆ ನಡೆದುಕೊಳ್ಳಬೇಕೆಂದಾದರೂ ಗೊತ್ತಿರುತ್ತಿತ್ತು. ಅವಳು ಸಾರು ಬಡಿಸುವಾಗ, ಕಾಲುಚೀಲ ಮಡಿಸುವಾಗ ಅವನು ಅವಳ ಕೈಗಳನ್ನೇ ನೋಡುತ್ತಿದ್ದ. ಈ ಕೈಯೇ ಆ ಕಾರ್ಡ್ ಬರೆದದ್ದು. ಡಾಕ್ಟರು ಸತ್ತದ್ದೇ ವಾಸಿ ಎಂದು ಬರೆದದ್ದು. ತನ್ನನ್ನು ಮದುವೆಯಾದದ್ದಕ್ಕೆ ಪಶ್ಚಾತ್ತಾಪವೇ? ಅಪ್ಪನ ಸಾವಿಗೆ ಹೋಗದೆ ಉಳಿದ ದುಃಖವೇ? ಅಥವಾ ಸಿನಿಮಾ ಸಿನಿಮಾವೇ, ತಾನೇ ಅದರಲ್ಲಿ ಇಲ್ಲದ್ದನ್ನು ಹುಡುಕುತ್ತಿದ್ದೇನೆಯೇ? ಒಂದು ಮ್ಯಾಟಿನಿಯಲ್ಲಿ ಯೋಚನೆ ಎಲ್ಲೋ ಹೋಗಿ ಚುಕ್ಕೆ ತಪ್ಪಿಹೋಯಿತು. ಪರದೆ ಬಿಳಿಯಾಗಿ ಕೆಳಗೆ ಜನ ಸಿಳ್ಳೆ ಹಾಕಿದರು. ಅವನ ಕೆಲಸದಲ್ಲಿ ಹಿಂದೆಂದೂ ಹಾಗಾಗಿರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಸ್ತಾಶಾ ಆಲೂಗಡ್ಡೆ ಹೆರೆಯುತ್ತ ಕೂತಿದ್ದಾಗ ಅವನೇ ಬಾಯಿಬಿಟ್ಟ.

"ಆ ಡಾಕ್ಟರು ಸತ್ತದ್ದೇ ವಾಸಿ ಅನ್ನಿಸ್ತಾ ನಿಂಗೆ?"

ಅವಳ ಚಾಕು ನಿಂತಿತು. "ಕಾರ್ಡ್ ನೋಡಿದ್ಯಾ?"

"ಏಳು ನೋಡ್ದೆ."

ಅವಳು ಚಾಕು ಕೆಳಗಿಟ್ಟಳು. "ಇಷ್ಟು ದಿನ ಅದಕ್ಕೇ ಮುಖ ಊದಿಸ್ಕೊಂಡಿದ್ದು. ನಾನು ನಿಂಗೆ ಹಲ್ಲುನೋವು ಅನ್ಕೊಂಡಿದ್ದೆ."

"ಹಲ್ಲು ಚೆನ್ನಾಗಿದೆ. ಹೇಳು."

"ಸತ್ತಾಗ ಅತ್ತೆ. ಅಳೋಕೆ ಚೆನ್ನಾಗಿತ್ತು. ಅದು ಕಥೆ, ಅಂಥದ್ದು ನಮಗ್ಯಾರಿಗೂ ಆಗಲ್ಲ, ಅತ್ತು ಮನೆಗೆ ಬರಬಹುದು. ಭಾನುವಾರದ್ದು ಹಂಗಲ್ಲ ಲೆಮ್. ಆ ಹೆಂಗಸು ತಟ್ಟೆ ಸರಿಸಿದಳಲ್ಲ, 'ಹಾಕ್ಕೋ ಮಗು' ಅಂತ. ಹದಿನಾರು ವರ್ಷದಿಂದ ನಮ್ಮಮ್ಮ ಇದೇ ಮೇಜಲ್ಲಿ ಕೂತು ನಿನ್ನ ಕುರ್ಚಿ ಮೇಲೆ ಕೈಚೀಲ ಇಡ್ತಾಳೆ. ಮೂರೂವರೆ ಆಯ್ತು ಅಂದ್ರೆ ಗಡಿಯಾರ ನೋಡ್ತಾಳೆ. ಅವಳು ಮಾಡದೇ ಇದ್ದದ್ದನ್ನ ಅಲ್ಲಿ ಒಂದು ನಿಮಿಷದಲ್ಲಿ ಮಾಡಿ ತೋರಿಸಿಬಿಟ್ರು. ಏನೂ ಕಷ್ಟ ಇಲ್ಲ ಅನ್ನೋ ಹಂಗೆ. ಹಿಂದೆ ಯಾರೋ ನಕ್ಕರು. ನಂಗೂ ನಗು ಬಂತು, ಆಮೇಲೆ ಪರದೆ ಕಡೆ ನೋಡೋಕಾಗಲಿಲ್ಲ. ಅದಕ್ಕೇ ಬರೆದೆ."

ಲೆಮ್ ಯೋಚಿಸಿದ. ಅವಳು ಹೇಳಿದ್ದು ಅರ್ಥವಾಯಿತು. ಆದರೂ ಒಂದು ಮುಳ್ಳು ಉಳಿದೇ ಇತ್ತು. "ಆದ್ರೆ ಹಂಗಂತ ಸಾಯ್ಲಿ ಅಂತ ಬರೀತಾರಾ?"

"ನೀನು ಅವನಲ್ಲ ಲೆಮ್."

"ಆ ಹಾಲಲ್ಲಿದ್ದ ಎಲ್ಲರೂ ನಾನೇ ಅವನು ಅಂದ್ಕೊಂಡಿದ್ರಲ್ಲ."

ಅವಳು ಇನ್ನೊಂದು ಆಲೂಗಡ್ಡೆ ಎತ್ತಿಕೊಂಡಳು. ಶಾಲೆಗೆ ಹೊರಟು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ನಡೀನ್ ಆಗ ಬಾಯಿಬಿಟ್ಟಳು.

"ಎರಡನೇದರಲ್ಲಿ ಮಗು ಇತ್ತಾ ಅಮ್ಮ?"

"ಯಾವ ಮಗು?"

"ಅವರಿಬ್ಬರದು. ಮೊದಲನೇದರಲ್ಲಿ ಇರಲಿಲ್ಲ. ಅವನು ಸತ್ತೋದ, ಸರಿ. ಬದುಕಿದ್ರಲ್ಲಿ?"

"ಇರಲಿಲ್ಲ," ಸ್ತಾಶಾ ಅಂದಳು.

"ಅಂದ್ರೆ ಎರಡರಲ್ಲೂ ನಾನಿಲ್ಲ," ಎಂದು ನಡೀನ್ ಚೀಲ ಹೆಗಲಿಗೇರಿಸಿ ಹೋದಳು. ಹುಡುಗಿ ಕುಚೋದ್ಯಕ್ಕೆ ಹೇಳಿದಳೋ ನೊಂದು ಹೇಳಿದಳೋ ಗಂಡಹೆಂಡಿರಿಬ್ಬರಿಗೂ ತಿಳಿಯಲಿಲ್ಲ.

ಮುಂದಿನ ತಿಂಗಳು ಅತ್ತೆ ಬರುವ ಗುರುವಾರ ಲೆಮ್ ಇನ್ನೊಬ್ಬ ಆಪರೇಟರನಿಗೆ ಕೆಲಸ ಒಪ್ಪಿಸಿ ಮನೆಯಲ್ಲೇ ಉಳಿದ. ಸ್ತಾಶಾ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಪೋಲಿಷರು ಅಜ್ಜಿಗೆ ಅನ್ನುವಂತೆ ಬೂಶಾ ಎಂದು ನಡೀನ್ ಕರೆಯುವ ಆ ಮುದುಕಿ ಒಂದೂವರೆಗೆ ಪಾತ್ರೆ ಹಿಡಿದು ಬಂದಳು. ಅಳಿಯನನ್ನು ಕಂಡು ಹೊಸಿಲಲ್ಲೇ ನಿಂತಳು.

"ಇವತ್ತು ಬಸ್ಸು ತಡ," ಅಂದಳು, ಬಸ್ಸು ಹೊತ್ತಿಗೇ ಬಂದಿದ್ದರೂ.

"ಒಳಗೆ ಬನ್ನಿ, ಚಳಿ ಇದೆ," ಲೆಮ್ ಅಂದ.

ಬಂದಳು. ಕೋಟು ಬಿಚ್ಚಲಿಲ್ಲ. ಕೈಚೀಲ ಇಡಲು ಜಾಗ ಕಾಣದೆ ಮಡಿಲಲ್ಲಿ ಇಟ್ಟುಕೊಂಡಳು. ಚಹಾ ಕುಡಿದಳು. ಮಗಳ ಜೊತೆ ಪೋಲಿಷಿನಲ್ಲಿ ಮೊಣಕಾಲು ನೋವಿನ ಬಗ್ಗೆ, ಪಾದ್ರಿಯ ಹೊಸ ಕಾರಿನ ಬಗ್ಗೆ ಮಾತಾಡಿದಳು. ಲೆಮ್ ಎದುರಿಗೆ ಕೂತು ಬೆರಳು ನೋಡಿಕೊಂಡ. ಒಂದು ಸಲ ಅವನತ್ತ ತಿರುಗಿ ತಡವರಿಸಿದ ಇಂಗ್ಲಿಷಿನಲ್ಲಿ "ನೀನು ಎತ್ತರ" ಅಂದಳು. ಅವನು "ಹೌದು" ಅಂದ. ಮೂರೂವರೆಗೆ ಎದ್ದು ಹೊರಟಳು.

"ಏನಂದಳು ನನ್ನ ಬಗ್ಗೆ?" ಲೆಮ್ ಕೇಳಿದ.

"ಏನೂ ಅನ್ನಲಿಲ್ಲ."

"ಒಳ್ಳೇದೂ ಇಲ್ಲ, ಕೆಟ್ಟದ್ದೂ ಇಲ್ವಾ?"

"ನೀನು ಬೆಳಕಿಗೆ ಅಡ್ಡ ಕೂತಿದ್ದೀಯ ಅಂದಳು. ಅವಳಿಗೆ ಕಣ್ಣು ಮಂಜು."

ಮರುತಿಂಗಳು ಮುದುಕಿ ಎಂದಿನಂತೆ ಅವನು ಹೊರಟ ಮೇಲೆಯೇ ಬಂದು ಹೋದಳು. ಆದರೆ ಅವಳು ತಂದ ಕಡುಬುಗಳಲ್ಲಿ ಆರನ್ನು ಬೇರೆ ಕಾಗದದಲ್ಲಿ ಸುತ್ತಿಟ್ಟಿದ್ದಳು. ಯಾರಿಗೆಂದು ಹೇಳಿರಲಿಲ್ಲ. ಲೆಮ್ ಅವನ್ನು ತುಂಬ ಹೊತ್ತು ನೋಡಿ, ಕೊನೆಗೆ ತಿಂದ. ಅಲ್ಲಿಂದ ಮುಂದೆ ಪ್ರತಿ ತಿಂಗಳೂ ಆರು ಬೇರೆ ಬರುತ್ತಿದ್ದವು. ಮುದುಕಿ ಮಾತ್ರ ಅವನಿದ್ದಾಗ ಬರಲಿಲ್ಲ.

ಏಪ್ರಿಲಿನಲ್ಲಿ ಆ ಸಿನಿಮಾ ಬಿಡುಗಡೆಯಾಗಿ ಅರ್ಕೇಡಿಯಕ್ಕೆ ಬಂತು. ಈ ಸಲ ಹೆಸರಿತ್ತು, ಪೋಸ್ಟರಿತ್ತು. ಪೋಸ್ಟರಿನಲ್ಲಿ ಹುಡುಗಿ ಒಂದು ಮೂಲೆಯಲ್ಲಿ, ಡಾಕ್ಟರು ಇನ್ನೊಂದು ಮೂಲೆಯಲ್ಲಿ, ನಡುವೆ ಉರಿಯುವ ಕಾರ್ಖಾನೆ. ಲೆಮ್ ಕೊನೆಯ ರೀಲನ್ನು ಕೈಗೆತ್ತಿಕೊಂಡಾಗಲೇ ಅನುಮಾನ ಬಂತು. ಶನಿವಾರದ್ದಕ್ಕಿಂತಲೂ ಭಾನುವಾರದ್ದಕ್ಕಿಂತಲೂ ಹಗುರವಾಗಿತ್ತು. ಓಡಿಸಿ ನೋಡಿದ. ಬೆಂಕಿ ಬಿತ್ತು. ಡಾಕ್ಟರು ಮಾಲೀಕನನ್ನು ಹೊತ್ತು ತಂದ, ಸಾಯಲಿಲ್ಲ. ಊಟದ ಮೇಜೂ ಬರಲಿಲ್ಲ. ಡಾಕ್ಟರು ಬಸ್ ನಿಲ್ದಾಣದಲ್ಲಿ ಹುಡುಗಿಗೆ "ನಿನ್ನ ಒಳ್ಳೆಯದಕ್ಕೇ ಹೋಗುತ್ತಿದ್ದೇನೆ" ಎಂದು ಹೇಳಿ, ದೂರದೂರಿನ ಬಡವರ ಆಸ್ಪತ್ರೆಗೆ ಹೊರಟುಹೋದ. ಬಸ್ಸಿನ ಧೂಳು. ಮುಗಿಯಿತು. ನದಿಯ ಹತ್ತಿರದ ಮೇಪಲ್ ಮರದ ದೃಶ್ಯವನ್ನೂ ಕಿತ್ತುಹಾಕಿದ್ದರು.

ಟೊಲೀಡೊದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಅಷ್ಟೊಂದು ಕಾರ್ಡುಗಳಲ್ಲಿ ಒಂದರಲ್ಲೂ "ಅವನನ್ನು ಬಸ್ಸು ಹತ್ತಿಸಿ" ಎಂದಿರಲಾರದು. ಲೆಮ್ ಮೂರು ವಾರ, ದಿನಕ್ಕೆ ಮೂರು ಸಲ ಆ ಡಾಕ್ಟರನನ್ನು ಬಸ್ಸು ಹತ್ತಿಸಿದ. ಜನ ಅಳಲೂ ಇಲ್ಲ, ನಗಲೂ ಇಲ್ಲ. ಚೆನ್ನಾಗಿದೆ ಎಂದುಕೊಂಡು ಹೋದರು.

ಕೊನೆಯ ದಿನ ಅವನು ಹಳೆಯ ಕೋಟಿನ ಜೇಬು ತಡಕಿ ಫೆನ್‌ವಿಕ್ ಕೊಟ್ಟಿದ್ದ ಖಾಲಿ ಕಾರ್ಡನ್ನು ತೆಗೆದ. ಒಂದು ತಾಸು ಪೆನ್ನು ಹಿಡಿದು ಕೂತ. ತಮ್ಮ ಮನೆಯಲ್ಲಿ ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂದು ರಾತ್ರಿಯೆಲ್ಲ ಜಗಳವಾಡುವುದು, ಸ್ತಾಶಾ ಅವನ ತಲೆಗೆ ಎಣ್ಣೆ ಹಚ್ಚುವುದು, ಅಂಗಡಿಯಲ್ಲಿ ಮಗಳನ್ನು ನೋಡಿ "ಇದು ಯಾರ ಮಗು" ಎಂದು ಕೇಳುವವರು, ಆರು ಕಡುಬು, ಇದೆಲ್ಲ ನೆನಪಾಯಿತು. ಅಷ್ಟಕ್ಕೆ ಕಾರ್ಡಿನಲ್ಲಿ ಜಾಗವಿರಲಿಲ್ಲ. ಕೊನೆಗೆ "ಅವರು ಮನೆಗೆ ಹೋದ ಮೇಲೆ ಏನಾಯಿತೆಂದು ತೋರಿಸಿ" ಎಂದು ಬರೆದು ಅಂಚೆಗೆ ಹಾಕಿದ.

ಆರು ವಾರಕ್ಕೆ ದೊಡ್ಡ ಲಕೋಟೆಯೊಂದು ಬಂತು. ಒಳಗೆ ಡಾಕ್ಟರನ ಪಾತ್ರ ಮಾಡಿದ ನಟನ ಹೊಳೆಯುವ ಫೋಟೋ, ಅದರ ಮೇಲೆ ಅಚ್ಚು ಹಾಕಿದ ಸಹಿ, "ನಿಮ್ಮ ಅಭಿಮಾನಕ್ಕೆ ಧನ್ಯವಾದ" ಎಂಬ ಒಂದು ಸಾಲು. ಲೆಮ್ ಲಕೋಟೆಯನ್ನು ತಲೆಕೆಳಗು ಮಾಡಿ ಕೊಡವಿದ. ಬೇರೇನೂ ಬೀಳಲಿಲ್ಲ.

"ನಿಂಗೆ ಬೇಡ ಅಂದ್ರೆ ನಂಗೆ ಕೊಡು," ವರ್ಡೆಲ್ ಅಂದಳು. "ಹುಡುಗ ನೋಡೋಕೆ ಚೆನ್ನಾಗಿದ್ದಾನೆ. ಅವನಿಗೆ ಮಾತು ಬರೆದುಕೊಟ್ಟೋರ ತಪ್ಪು, ಅವನದ್ದಲ್ಲ."

ಅರ್ಕೇಡಿಯ 1979ರಲ್ಲಿ ಮುಚ್ಚಿತು. ಕಟ್ಟಡ ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದರು. ಲೆಮ್ ಆಮೇಲೆ ಶಾಲೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ ಮಾಡಿ ನಿವೃತ್ತನಾದ. ಅತ್ತೆ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟ ಆರು ಜನರಲ್ಲಿ ಅವನೂ ಒಬ್ಬ. ಮುದುಕಿಯೇ ಚೀಟಿಯಲ್ಲಿ ಹಾಗೆ ಬರೆದಿಟ್ಟಿದ್ದಳಂತೆ. ಅವನು ಎತ್ತರದವನೆಂದು ಬರೆದಳೋ, ಅಳಿಯನೆಂದು ಬರೆದಳೋ ಎಂದು ಅವನು ಹೆಂಡತಿಯನ್ನು ಬಹಳ ಸಲ ಕೇಳಿದ. ಪಕ್ಕದಲ್ಲಿ ಹೊತ್ತವರು ಇವನಿಗಿಂತ ಗಿಡ್ಡರಾಗಿದ್ದರಿಂದ ಪೆಟ್ಟಿಗೆ ದಾರಿಯುದ್ದಕ್ಕೂ ಒಂದು ಕಡೆ ವಾಲಿಕೊಂಡೇ ಇತ್ತು.

1994ರ ಒಂದು ಮಧ್ಯಾಹ್ನ ನಡೀನ್ ಅಪ್ಪ ಅಮ್ಮನನ್ನು ಊರಾಚೆಯ ಮಾಲಿನ ಹೊಸ ಚಿತ್ರಮಂದಿರಕ್ಕೆ ಬಿಟ್ಟುಹೋದಳು. ಹನ್ನೆರಡು ಪರದೆ, ಒಬ್ಬನೇ ಆಪರೇಟರ್. ರೀಲು ಬದಲಿಸುವ ಚುಕ್ಕೆಯೇ ಇಲ್ಲ. ಸಿನಿಮಾದಲ್ಲಿ ಒಬ್ಬ ಕಪ್ಪು ಪೊಲೀಸ್ ಅಧಿಕಾರಿ, ಒಬ್ಬಳು ಬಿಳಿ ಪೊಲೀಸ್ ಅಧಿಕಾರಿ. ಎರಡು ತಾಸು ಒಟ್ಟಿಗೆ ಓಡಿದರು, ಒಂದೇ ಹೋಟೆಲಿನಲ್ಲಿ ಅಡಗಿ ಕೂತರು, ಒಬ್ಬರ ಗಾಯಕ್ಕೆ ಇನ್ನೊಬ್ಬರು ಬಟ್ಟೆ ಕಟ್ಟಿದರು. ಕೊನೆಗೆ ವಿಮಾನ ನಿಲ್ದಾಣದಲ್ಲಿ ಕೈಕುಲುಕಿ ಬೇರೆ ಬೇರೆ ದಾರಿ ಹಿಡಿದರು. ಅವನ ಬಣ್ಣದ ಬಗ್ಗೆ, ಅವಳ ಬಣ್ಣದ ಬಗ್ಗೆ ಆ ಊರಿನಲ್ಲಿ ಒಬ್ಬರೂ ಒಂದು ಮಾತಾಡಲಿಲ್ಲ.

ದೀಪ ಹತ್ತಿಕೊಂಡಿತು. ಸ್ತಾಶಾ ಕೂತೇ ಇದ್ದಳು.

"ಕೈ ಕುಲುಕಿದ್ರಾ?" ಕೇಳಿದಳು. "ಎರಡು ಗಂಟೆ ಆದ ಮೇಲೆ?"

"ಕುಲುಕಿದ್ರು."

"ಅಂದ್ರೆ ಅವರು ಪ್ರೀತಿಸ್ತಿದ್ರೋ ಇಲ್ವೋ?"

"ನಂಗೆ ಗೊತ್ತಿಲ್ಲ ಸ್ತಾಶಾ," ಅಂದ ಲೆಮ್. "ನಾನು ನಡುವೆನೇ ನೋಡ್ತಿದ್ದೆ, ನಂಗೇನೂ ಕಾಣಲಿಲ್ಲ."

ಇಬ್ಬರೂ ಎದ್ದು ಹೊರಬಂದರು. ನಡೀನ್ ಯಾವ ಬಾಗಿಲಲ್ಲಿ ಕಾಯುತ್ತೇನೆಂದಿದ್ದಳು ಎಂಬುದು ಇಬ್ಬರಿಗೂ ಮರೆತುಹೋಗಿತ್ತು. ಮಾಲಿಗೆ ನಾಲ್ಕು ಬಾಗಿಲು. ಸ್ತಾಶಾ ಎಡಕ್ಕೆ ಅಂದಳು, ಲೆಮ್ ಬಲಕ್ಕೆ ಅಂದ. ಬಿಸಿ ಕಡಲೆ ಮಾರುವ ಹುಡುಗಿ ಅವರನ್ನು ನೋಡಿ, "ನೀವಿಬ್ಬರೂ ಜೊತೆಗೆ ಬಂದಿದ್ದೀರಾ?" ಎಂದು ಕೇಳಿದಳು.

"ಬಹಳ ದಿನದಿಂದ," ಅಂದಳು ಸ್ತಾಶಾ, ಎಡಕ್ಕೆ ನಡೆದಳು. ಲೆಮ್ ಒಂದು ಗಳಿಗೆ ಬಲಬದಿಯ ಬಾಗಿಲನ್ನು ನೋಡಿ, ಅವಳ ಹಿಂದೆ ಹೊರಟ.